ಗಬ್ಬದ ಹಂದಿಗೆ ಬಿಸಿಲ ಬಾಧೆ: ಮರಿಗಳಿಗೂ ಪೆಟ್ಟು

ಬೇಸಿಗೆಯಲ್ಲಿ ಹಂದಿ ಸಾಕಣೆದಾರರಿಗಾಗುವ ನಷ್ಟವೆಲ್ಲ ಕೂಡಲೇ ಕಣ್ಣಿಗೆ ಬೀಳುವುದಿಲ್ಲ. ಗಬ್ಬದ ಹಂದಿ ತಾಪದಿಂದ ಬಳಲಿದ್ದರ ಫಲ ಎಷ್ಟೋ ವಾರಗಳ ನಂತರ, ಮರಿ ಹಾಕುವ ದಿನ ಗೋಚರಿಸುತ್ತದೆ.

ಹಂದಿಯ ಬೆವರು ದೇಹವನ್ನು ತಂಪಾಗಿಸಲು ಸಾಲದು. ಚರ್ಮದಡಿಯ ಕೊಬ್ಬು ಶಾಖ ಹೊರಹೋಗಲು ತಡೆಯೊಡ್ಡುತ್ತದೆ. ಆದ್ದರಿಂದಲೇ ಅದು ಕೆಸರಿನಲ್ಲಿ ಹೊರಳುತ್ತದೆ. ಕಾಂಕ್ರೀಟ್ ನೆಲದ ಶೆಡ್ಡಿನಲ್ಲಿ ಆ ದಾರಿಯೂ ಇಲ್ಲ. ಕರ್ನಾಟಕದಲ್ಲಿ ಸಾಕುವ ಲಾರ್ಜ್ ವೈಟ್ ಯಾರ್ಕ್‌ಶೈರ್ ತಳಿಯ ಮೂಲ ತಂಪು ಹವೆಯ ಇಂಗ್ಲೆಂಡ್ ಎಂಬುದನ್ನೂ ಮರೆಯಬಾರದು.

ಹಂದಿಯ ಗರ್ಭಾವಧಿ ಸುಮಾರು 114 ದಿನ. ಇದರಲ್ಲಿ ಎರಡು ಘಟ್ಟಗಳು ಸೂಕ್ಷ್ಮವಾದವು. ಮೊದಲ 30 ದಿನಗಳಲ್ಲಿ ಭ್ರೂಣಗಳು ಗರ್ಭಕೋಶಕ್ಕೆ ಅಂಟಿ ನೆಲೆಗೊಳ್ಳುತ್ತವೆ. ಆಗ ತಾಪ ಹೆಚ್ಚಿದರೆ ಕೆಲವು ಭ್ರೂಣಗಳು ಸಾಯಬಹುದು. ಗಬ್ಬ ನಿಲ್ಲದೆ ಹಂದಿ ಮತ್ತೆ ಬೆದೆಗೆ ಬರಲೂಬಹುದು. ಎರಡನೆಯದು ಕೊನೆಯ ಎರಡು ಮೂರು ವಾರ. ದೇಹದ ಶಾಖ ಹೊರಹಾಕಲು ರಕ್ತ ಚರ್ಮದತ್ತ ಹೆಚ್ಚು ಹರಿದಾಗ ಗರ್ಭಕೋಶಕ್ಕೆ ರಕ್ತ ಕಡಿಮೆಯಾಗಿ, ಸತ್ತು ಹುಟ್ಟುವ ಮರಿಗಳ ಸಂಖ್ಯೆ ಏರುತ್ತದೆ.

ಬದುಕುಳಿದ ಮರಿಗಳ ಮೇಲೂ ಇದರ ಗುರುತು ಉಳಿಯುತ್ತದೆ. ಗರ್ಭದಲ್ಲಿ ತಾಪ ಅನುಭವಿಸಿದ ಮರಿಗಳ ದೇಹದ ಉಷ್ಣತೆ ಜನನಾನಂತರವೂ ಹೆಚ್ಚಾಗಿರುವುದನ್ನು ಅಮೆರಿಕದ ಸಂಶೋಧಕರು 2013ರಲ್ಲಿ ವರದಿ ಮಾಡಿದ್ದಾರೆ.

ಮರಿ ಹಾಕಿದ ಮೇಲೆ ಸಮಸ್ಯೆ ಇಮ್ಮಡಿಸುತ್ತದೆ. ತಾಯಿಗೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಹಿತಕರವಾದರೆ, ಆಗತಾನೇ ಹುಟ್ಟಿದ ಮರಿಗೆ 32ರಿಂದ 34 ಡಿಗ್ರಿ ಬೆಚ್ಚಗೆ ಬೇಕು. ಉಷ್ಣತೆ 25 ಡಿಗ್ರಿ ದಾಟಿದಂತೆ ತಾಯಿ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಹಂದಿಯಲ್ಲಿ ರೋಗನಿರೋಧಕ ಅಂಶಗಳು ಗರ್ಭದಲ್ಲಿ ಮರಿಗೆ ದಾಟುವುದಿಲ್ಲ. ಮೊದಲ ದಿನದ ಗಿಣ್ಣು ಹಾಲೇ ಅದಕ್ಕೆ ರಕ್ಷಣೆ.

ಹೀಗಾಗಿ ಇಡೀ ಶೆಡ್ಡನ್ನು ನೀರಿನಿಂದ ತೋಯಿಸುವುದು ಪರಿಹಾರವಲ್ಲ; ಒದ್ದೆಯಾದ ಮರಿ ಚಳಿಗೆ ಸಾಯಬಹುದು. ತಾಯಿಯ ಕುತ್ತಿಗೆ, ಭುಜದ ಮೇಲೆ ಮಾತ್ರ ನೀರು ತೊಟ್ಟಿಕ್ಕಿಸಿ ಗಾಳಿಯಾಡಲು ಬಿಡಬೇಕು. ಮರಿಗಳಿಗೆ ಬಲ್ಬ್ ಹಾಕಿದ ಒಣ ಮೂಲೆಯನ್ನು ಪ್ರತ್ಯೇಕವಾಗಿ ಕಲ್ಪಿಸಬೇಕು. ಮೇವನ್ನು ಮುಂಜಾನೆ ಮತ್ತು ಇಳಿಹೊತ್ತಿನಲ್ಲಿ ಕೊಡಬೇಕು. ಹಾಲೂಡುವ ಹಂದಿಗೆ ದಿನಕ್ಕೆ 20ರಿಂದ 30 ಲೀಟರ್ ನೀರು ಅಗತ್ಯ. ವಿಶ್ರಾಂತಿಯಲ್ಲಿರುವ ಹಂದಿಯ ಉಸಿರಾಟ ನಿಮಿಷಕ್ಕೆ 40ನ್ನು ಮೀರಿದರೆ ಅದು ತಾಪದ ಸೂಚನೆ. ತಂಪು ನೀಡುವ ಕೆಲಸ ತಡವಾಗಬಾರದು.