ಪಿಸ್ತೂಲಿನ ಪರವಾನಗಿ ಎಲ್ಲಿಂದ ಬಂತು?



ಬೆಳಗಾವಿಯ ಆಟೋ ನಗರದ ಯಾವುದಾದರೂ ವರ್ಕ್‌ಶಾಪಿಗೆ ಹೋಗಿ ಮೋಟಾರ್ ಸೈಕಲ್ಲಿನ ಮುರಿದ ಸ್ಪ್ರಿಂಗೊಂದನ್ನು ಕೊಟ್ಟರೆ, ಮಿಸ್ತ್ರಿ ಅಳತೆ ನೋಡಿ ಹೊಸದನ್ನು ಹಾಕಿಕೊಡುತ್ತಾನೆ. ನಿಮ್ಮ ಹೆಸರನ್ನೂ ಕೇಳುವುದಿಲ್ಲ. ಅದೇ ಸ್ಪ್ರಿಂಗು ಪಿಸ್ತೂಲಿನದಾದರೆ ಅವನು ಅದನ್ನು ಮುಟ್ಟುವಂತಿಲ್ಲ. ಪಿಸ್ತೂಲು ಇಟ್ಟುಕೊಳ್ಳುವವನಿಗೆ ಪರವಾನಗಿ ಬೇಕು. ದುರಸ್ತಿ ಮಾಡುವವನಿಗೂ ಪ್ರತ್ಯೇಕ ಪರವಾನಗಿ ಬೇಕು. ಅಂಗೈಯಗಲದ ಯಂತ್ರಕ್ಕೆ ಇಷ್ಟೊಂದು ಕಟ್ಟಳೆ ಏಕೆ? ಉತ್ತರ ನಮ್ಮ ನಾಡಿನ ಚರಿತ್ರೆಯಲ್ಲೇ ಇದೆ.

ಮೊದಲು ಆಯುಧದ ಪರಿಚಯ ಮಾಡಿಕೊಳ್ಳೋಣ. ಕೈಬಂದೂಕುಗಳಲ್ಲಿ ಬಹಳ ಚಿಕ್ಕದು ‘ಪಾಯಿಂಟ್ ಟೂ ಟೂ’. ಇದರ ಗುಂಡಿನ ವ್ಯಾಸ ಸುಮಾರು 5.6 ಮಿಲಿಮೀಟರ್. ಸಿಡಿಯುವ ಮದ್ದು ಕಾಡತೂಸಿನ ತಳದ ಅಂಚಿನೊಳಗೆ ಇರುತ್ತದೆ. ಸೂಜಿ ಆ ಅಂಚಿಗೆ ಬಡಿದಾಗ ಗುಂಡು ಹಾರುತ್ತದೆ. ಆದ್ದರಿಂದಲೇ ಇದಕ್ಕೆ ‘ರಿಮ್‌ಫೈರ್’ ಎಂಬ ಹೆಸರು. 1845ರ ಸುಮಾರಿಗೆ ಫ್ರಾನ್ಸಿನ ಫ್ಲೋಬೇರ್ ಈ ದಾರಿ ತೋರಿಸಿದ. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಇಂಥ ಕಾಡತೂಸಿನ ಪುಟ್ಟ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು.

1857 ಎಂದೊಡನೆ ನಿಮಗೆ ಇನ್ನೊಂದು ಘಟನೆ ನೆನಪಾಗಬೇಕು. ಉತ್ತರ ಭಾರತದ ದಂಗೆಯಿಂದ ಬೆದರಿದ ಕಂಪನಿ ಸರಕಾರ ಅದೇ ವರ್ಷ, ಜನರು ಅನುಮತಿಯಿಲ್ಲದೆ ಆಯುಧ ಇಟ್ಟುಕೊಳ್ಳಬಾರದೆಂದು ಕಾಯ್ದೆ ತಂದಿತು. ನಮ್ಮ ಭಾಗದಲ್ಲಿ ಸರಕಾರದ ಅಂಜಿಕೆಗೆ ಹಳೆಯ ಕಾರಣವೂ ಇತ್ತು. ಕಿತ್ತೂರಿಗಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು ಖಾನಾಪುರ ತಾಲೂಕಿನ ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿಸಿ ಆಗ ಇಪ್ಪತ್ತಾರು ವರ್ಷವಷ್ಟೇ ಆಗಿತ್ತು.

ಈ ಕಾಯ್ದೆಯನ್ನು ಎದುರಿಸಿ ನಿಂತವರು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು. ಆಯುಧವೇ ಅವರ ಬದುಕು, ಆಯುಧವೇ ಅವರ ಮಾನ. ಅದನ್ನು ಒಪ್ಪಿಸಲು ಅವರು ನಿರಾಕರಿಸಿದರು. 1857ರ ನವೆಂಬರ್ ಕೊನೆಯಲ್ಲಿ ಸೈನ್ಯ ಊರನ್ನು ಮುತ್ತಿ ಬೆಂಕಿಯಿಟ್ಟಿತು. ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಲಾಯಿತು. ಆ ಕಥೆಯ ಲಾವಣಿಯನ್ನು ನೀವು ಶಾಲೆಯಲ್ಲಿ ಓದಿರಬಹುದು. ಮರುವರ್ಷ ಬಂಡೆದ್ದ ನರಗುಂದದ ಬಾಬಾಸಾಹೇಬನನ್ನು 1858ರ ಜೂನ್‌ನಲ್ಲಿ ಇದೇ ಬೆಳಗಾವಿಯಲ್ಲಿ ನೇಣಿಗೆ ಹಾಕಿದರು.

ಮುಂದೆ 1878ರ ಶಸ್ತ್ರಾಸ್ತ್ರ ಕಾಯ್ದೆ ಬಂತು. ಅದರಲ್ಲಿ ನ್ಯಾಯಕ್ಕಿಂತ ಸಂಶಯವೇ ಹೆಚ್ಚಾಗಿತ್ತು. ಯುರೋಪಿಯನ್ನರಿಗೆ ವಿನಾಯಿತಿ, ಈ ನೆಲದ ಮಕ್ಕಳಿಗೆ ಪರವಾನಗಿ! ನಮ್ಮಲ್ಲಿ ಕೊಡವರಿಗೆ ಮಾತ್ರ 1861ರಲ್ಲೇ ವಿನಾಯಿತಿ ದೊರೆತಿತ್ತು. ಅದು ಇಂದಿಗೂ ಮುಂದುವರಿದಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಹಾಗಾದರೆ ಸ್ವಾತಂತ್ರ್ಯ ಬಂದಾಗ ಈ ಕಟ್ಟಳೆ ಹೋಗಬೇಕಿತ್ತಲ್ಲವೇ? 1931ರ ಕರಾಚಿ ಕಾಂಗ್ರೆಸ್, ನಿಯಮಗಳಿಗೊಳಪಟ್ಟು ಆಯುಧ ಹೊಂದುವ ಹಕ್ಕನ್ನು ಪ್ರಜೆಗಳ ಹಕ್ಕುಗಳಲ್ಲಿ ಸೇರಿಸಿತ್ತು. 1948ರಲ್ಲಿ ಸಂವಿಧಾನ ಸಭೆಯಲ್ಲಿ ಇದೇ ಮಾತೆತ್ತಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್. ಡಾ. ಅಂಬೇಡ್ಕರರು ಒಪ್ಪಲಿಲ್ಲ. ಆಯುಧ ಮೂಲಭೂತ ಹಕ್ಕಾದರೆ, ಅದು ಯಾರ ಕೈಗೆ ಸೇರಬಾರದೋ ಅವರನ್ನು ತಡೆಯುವುದು ಹೇಗೆ ಎಂಬುದು ಪ್ರಶ್ನೆಯಾಗಿತ್ತು. ಸಭೆ ತಿದ್ದುಪಡಿಯನ್ನು ಅಂಗೀಕರಿಸಲಿಲ್ಲ. ಬಳಿಕ ನಮ್ಮದೇ ಸಂಸತ್ತು 1959ರಲ್ಲಿ ಹೊಸ ಕಾಯ್ದೆ ಮಾಡಿತು. ಪರವಾನಗಿ ಉಳಿಯಿತು, ಆದರೆ ಅದನ್ನು ಕೇಳುವವನು ಈಗ ಆಳಿಸಿಕೊಳ್ಳುವವನಲ್ಲ, ನಾಗರಿಕ. ನಿರಾಕರಿಸಿದರೆ ಮೇಲ್ಮನವಿ ಸಲ್ಲಿಸಬಹುದು.

ಇಂದು 21 ವರ್ಷ ತುಂಬಿದವರು ಕಾರಣ ತೋರಿಸಿ ಜಿಲ್ಲಾ ದಂಡಾಧಿಕಾರಿಗೆ ಅಥವಾ ಪೊಲೀಸ್ ಕಮಿಷನರಿಗೆ ಅರ್ಜಿ ಹಾಕಬೇಕು. ಪೊಲೀಸರು ವಿಚಾರಣೆ ನಡೆಸುತ್ತಾರೆ. 2019ರ ತಿದ್ದುಪಡಿಯಂತೆ ಸಾಮಾನ್ಯವಾಗಿ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ. ಪರವಾನಗಿಯ ಅವಧಿ ಐದು ವರ್ಷ. ಪಾಯಿಂಟ್ ಟೂ ಟೂ ಪಿಸ್ತೂಲಿನ ಮುಖ್ಯ ಗೌರವ ಕ್ರೀಡೆಯಲ್ಲಿದೆ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು, 2016ರಲ್ಲಿ ರಿಯೊದ 50 ಮೀಟರ್ ಸ್ಪರ್ಧೆಯಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಗುರಿಯಿಟ್ಟದ್ದು ಈ ಅಳತೆಯ ಪಿಸ್ತೂಲಿನಿಂದಲೇ.

ಇಟ್ಟುಕೊಂಡ ಮೇಲೆ ಜೋಪಾನವೂ ಹೊಣೆಯ ಭಾಗ. ಮೊದಲು ಗುಂಡು ತೆಗೆದು, ನಳಿಕೆ ಖಾಲಿಯಿದೆಯೆಂದು ಕಣ್ಣಾರೆ ನೋಡಬೇಕು. ಈ ಗುಂಡು ಬಹುಪಾಲು ಸೀಸದ್ದು. ಸೀಸ, ಮೇಣ, ಮಸಿ ನಳಿಕೆಯಲ್ಲಿ ಕೂರುತ್ತವೆ. ಬ್ರಷ್ಷು, ಬಟ್ಟೆ, ತೆಳುವಾದ ಎಣ್ಣೆ ಇವುಗಳಿಂದ ಒರೆಸಬೇಕು. ಖಾನಾಪುರದಂಥ ಮಳೆಸೀಮೆಯಲ್ಲಿ ಚರ್ಮದ ಚೀಲದಲ್ಲೇ ಬಿಟ್ಟರೆ ತುಕ್ಕು ಖಂಡಿತ. ಖಾಲಿ ಪಿಸ್ತೂಲಿನ ಟ್ರಿಗರ್ ಎಳೆದಾಡಿದರೆ ಹಲವು ಮಾದರಿಗಳಲ್ಲಿ ಸೂಜಿ ನಳಿಕೆಯ ಅಂಚಿಗೆ ಬಡಿದು ಎರಡೂ ಕೆಡುತ್ತವೆ. ಪಿಸ್ತೂಲು ಒಂದು ಕಡೆ, ಕಾಡತೂಸು ಇನ್ನೊಂದು ಕಡೆ, ಎರಡಕ್ಕೂ ಬೀಗ. ಚಿಕ್ಕದೆಂದು ಸಸಾರ ಬೇಡ. ಈ ಗುಂಡು ಒಂದು ಕಿಲೋಮೀಟರಿಗೂ ಮೀರಿ ಹೋಗಬಲ್ಲದು.

ಚುನಾವಣೆ ಬಂದಾಗ ಪರವಾನಗಿದಾರರಿಗೆ ಆಯುಧವನ್ನು ಠಾಣೆಯಲ್ಲಿ ಠೇವಣಿಯಿಡಲು ಆದೇಶ ಬರುವುದುಂಟು. ರಸೀದಿ ಪಡೆದು ಕೊಟ್ಟದ್ದು ಮತ ಎಣಿಕೆ ಮುಗಿದ ಮೇಲೆ ಮರಳಿ ಬರುತ್ತದೆ. ಹಲಗಲಿಯವರಿಗೆ ಯಾರೂ ರಸೀದಿ ಕೊಟ್ಟಿರಲಿಲ್ಲ. ಆಯುಧ ಒಪ್ಪಿಸು ಎಂಬ ಆಜ್ಞೆ ಅಂದೂ ಇತ್ತು, ಇಂದೂ ಇದೆ. ಆಜ್ಞೆ ಮಾಡುವವರು ಯಾರು, ಅವರನ್ನು ಪ್ರಶ್ನಿಸಲು ನಮಗೆ ದಾರಿಯಿದೆಯೇ ಎಂಬುದರಲ್ಲಿ ವ್ಯತ್ಯಾಸವಿದೆ. ಯಾವ ಕಾಯ್ದೆಯನ್ನು ಓದುವಾಗಲೂ ಈ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ.