ವಂಶವಾಹಿಗಳ ಪಟದಲ್ಲಿ ಸಂಬಂಧರೇಖೆ: ಒಂದು ಐತಿಹಾಸಿಕ ವಿವೇಚನೆ

ಭೂಪಟವನ್ನು ಚಾರಿತ್ರಿಕ ಆಧಾರವೆಂದು ಬಳಸುವವನು ಅದರ ಮೇಲಿನ ಪ್ರತಿಯೊಂದು ಗೆರೆಯನ್ನು ಕುರಿತೂ ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕಾಗುತ್ತದೆ. ಅದನ್ನು ಎಳೆದವರು ಕಂಡದ್ದೇನು? ಕಾಣದೆ ಊಹಿಸಿದ್ದೇನು? ಜೀವವಿಜ್ಞಾನಿಗಳು ಒಂದು ಶತಮಾನಕ್ಕೂ ಮೇಲ್ಪಟ್ಟು ರಚಿಸುತ್ತ ಬಂದಿರುವ ವಂಶವಾಹಿಗಳ ಪಟಗಳಿಗೂ ಈ ಪ್ರಶ್ನೆಗಳು ಅನ್ವಯಿಸುತ್ತವೆ. ಇಂದು ಆ ಪಟಗಳು ಜೀನೋಮ್ ಬ್ರೌಸರ್ ಎಂಬ ಸಾಧನದ ಮೂಲಕ ಕಂಪ್ಯೂಟರಿನ ತೆರೆಯ ಮೇಲೆ ದೊರೆಯುತ್ತವೆ. ಡಿ.ಎನ್.ಎ.ಯ ಒಂದು ಭಾಗವು ಬೇರೊಂದೆಡೆಯ ವಂಶವಾಹಿಯನ್ನು ನಿಯಂತ್ರಿಸುತ್ತದೆಂಬುದನ್ನು ಅಲ್ಲಿ ಕಮಾನಿನಾಕಾರದ ರೇಖೆಯಿಂದ ಸೂಚಿಸುತ್ತಾರೆ. ಈ ರೇಖೆ ಪಟದ ಮೇಲೆ ಹೇಗೆ ಬಂದಿತು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಂಶವಾಹಿಗಳ ಪ್ರಥಮ ಪಟ ಪ್ರಕಟವಾದದ್ದು ೧೯೧೩ರಲ್ಲಿ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಟಿ. ಎಚ್. ಮಾರ್ಗನ್ನರ ಶಿಷ್ಯರಾಗಿದ್ದ ಆಲ್ಫ್ರೆಡ್ ಸ್ಟರ್ಟೆವಂಟರು ಹಣ್ಣುನೊಣದ ಆರು ಆನುವಂಶಿಕ ಅಂಶಗಳನ್ನು ಒಂದು ಸರಳರೇಖೆಯ ಮೇಲೆ ಗುರುತಿಸಿದರು. ಎರಡು ಅಂಶಗಳು ಸಂತತಿಯಲ್ಲಿ ಎಷ್ಟು ಹೆಚ್ಚಾಗಿ ಬೇರ್ಪಡುತ್ತವೆಯೋ ಅವುಗಳ ನಡುವಣ ದೂರ ಅಷ್ಟು ಹೆಚ್ಚು ಎಂಬುದು ಅವರ ಅಳತೆಗೋಲು. ಸ್ಥಾನವನ್ನು ತಿಳಿಸುವುದರಲ್ಲಿ ಈ ಪಟ ಸಮರ್ಥವಾಗಿದ್ದಿತು. ನಿಯಂತ್ರಣದ ವಿಚಾರಕ್ಕೆ ಅದರಲ್ಲಿ ಎಡೆಯಿರಲಿಲ್ಲ.

ಆ ವಿಚಾರ ಖಚಿತರೂಪ ತಾಳಿದ್ದು ೧೯೬೧ರಲ್ಲಿ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಫ್ರಾನ್ಸ್ವಾ ಜಾಕೊಬ್ ಮತ್ತು ಜಾಕ್ ಮೊನೊ ಅವರು ಒಂದು ಬ್ಯಾಕ್ಟೀರಿಯವು ಹಾಲಿನ ಸಕ್ಕರೆಯನ್ನು ಬಳಸಿಕೊಳ್ಳುವ ಬಗೆಯನ್ನು ಪರಿಶೀಲಿಸಿ, ಕೆಲವು ವಂಶವಾಹಿಗಳ ಕೆಲಸವೇ ಇತರ ವಂಶವಾಹಿಗಳನ್ನು ತಡೆಹಿಡಿಯುವುದೆಂದು ತೋರಿಸಿದರು. ಆಂಡ್ರೆ ಲ್ವೋಫರೊಡನೆ ಅವರಿಗೆ ೧೯೬೫ರ ನೊಬೆಲ್ ಪಾರಿತೋಷಕ ಸಂದಿತು. ಅವರು ವಿವರಿಸಿದ ವ್ಯವಸ್ಥೆಯಲ್ಲಿ ನಿಯಂತ್ರಣದ ಸ್ಥಾನ, ನಿಯಂತ್ರಿತವಾಗುವ ವಂಶವಾಹಿಗಳ ಪಕ್ಕದಲ್ಲಿಯೇ ಇದ್ದಿತು. ಆದರೆ ೧೯೮೧ರಲ್ಲಿ ಜೂರಿಕ್ ವಿಶ್ವವಿದ್ಯಾನಿಲಯದ ವಾಲ್ಟರ್ ಶಾಫ್ನರ್ ಮತ್ತು ಅವರ ಸಹೋದ್ಯೋಗಿಗಳು, ಒಂದು ವೈರಸ್ಸಿನ ಡಿ.ಎನ್.ಎ. ತುಣುಕು ಸಾವಿರಾರು ಅಕ್ಷರಗಳಷ್ಟು ದೂರದಲ್ಲಿದ್ದರೂ ಮೊಲದ ಗ್ಲೋಬಿನ್ ವಂಶವಾಹಿಯ ಕಾರ್ಯವನ್ನು ಸುಮಾರು ೨೦೦ ಪಟ್ಟು ಹೆಚ್ಚಿಸುವುದನ್ನು ಕಂಡರು. ಇಂಥ ಭಾಗಗಳಿಗೆ ಎನ್‌ಹಾನ್ಸರ್, ಎಂದರೆ ವರ್ಧಕ, ಎಂಬ ಹೆಸರು ಬಂದಿತು. ನಿಯಂತ್ರಿಸುವುದು ಸಮೀಪದಲ್ಲಿಯೇ ಇರಬೇಕೆಂಬ ನಿಯಮವಿಲ್ಲವೆಂದು ಇದರಿಂದ ಸಿದ್ಧವಾಯಿತು.

ಮಾನವ ಜೀನೋಮಿನ ಕರಡು ಪೂರ್ಣವಾಯಿತೆಂಬ ಘೋಷಣೆ ಹೊರಟದ್ದು ೨೦೦೦ದ ಜೂನ್ ೨೬ರಂದು. ಸಾರ್ವಜನಿಕ ಯೋಜನೆಯ ಬಿಡಿ ತುಣುಕುಗಳನ್ನು ಜೋಡಿಸುವ ಪ್ರೋಗ್ರಾಮನ್ನು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಾಂತಾಕ್ರೂಜ್ ಶಾಖೆಯ ಜಿಮ್ ಕೆಂಟ್ ನಾಲ್ಕು ವಾರಗಳಲ್ಲಿ ಬರೆದಿದ್ದರು. ಜುಲೈ ೭ರಂದು ಆ ಕರಡನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಒದಗಿಸಲಾಯಿತು. ಅದನ್ನು ಓದಲೆಂದು ಕೆಂಟರು ನಿರ್ಮಿಸಿದ ಬ್ರೌಸರಿನ ವಿವರಣೆ ೨೦೦೨ರಲ್ಲಿ ಪ್ರಕಟವಾಯಿತು. ಮೂರು ನೂರು ಕೋಟಿ ಅಕ್ಷರಗಳ ಉದ್ದವನ್ನು ಅಡ್ಡಲಾಗಿ ಹಾಸಿ, ಒಂದೊಂದು ಬಗೆಯ ಮಾಹಿತಿಯನ್ನು ಒಂದೊಂದು ಪಟ್ಟಿಯಾಗಿ ಕೆಳಕೆಳಗೆ ಜೋಡಿಸುವುದು ಅದರ ಕ್ರಮ. ಅದೇ ವರ್ಷ ಯಾಬ್ ಡೆಕ್ಕರ್ ಮತ್ತು ಸಂಗಡಿಗರು, ಜೀವಕೋಶದೊಳಗೆ ಮಡಿಚಿಕೊಂಡಿರುವ ಡಿ.ಎನ್.ಎ.ಯ ಯಾವ ಭಾಗಗಳು ಪರಸ್ಪರ ಸಮೀಪಿಸಿವೆ ಎಂಬುದನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. ೨೦೦೯ರಲ್ಲಿ ಈ ವಿಧಾನ ಇಡೀ ಜೀನೋಮಿಗೆ ವಿಸ್ತರಿಸಿತು. ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಬ್ರೌಸರಿನಲ್ಲಿ ಇಂಥ ದೂರದ ಸಂಪರ್ಕಗಳನ್ನು ವೀಕ್ಷಿಸುವ ವ್ಯವಸ್ಥೆಯ ವರದಿ ೨೦೧೩ರಲ್ಲಿ ಹೊರಬಂದಿತು. ಹೀಗೆ ಸ್ಟರ್ಟೆವಂಟರ ಸರಳರೇಖೆಯ ಮೇಲೆ ಕಮಾನುಗಳು ಎದ್ದವು.

ಈ ಕಮಾನುಗಳಿಂದ ಆದ ಪ್ರಯೋಜನವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ೨೦೦೭ರಲ್ಲಿ, ೩೮,೦೦೦ಕ್ಕೂ ಮಿಕ್ಕ ಜನರ ಪರೀಕ್ಷೆಯಿಂದ, ಎಫ್‌ಟಿಒ ಎಂಬ ವಂಶವಾಹಿಯ ಒಳಗಿನ ಒಂದು ಅಕ್ಷರಭೇದಕ್ಕೂ ಸ್ಥೂಲಕಾಯಕ್ಕೂ ಸಂಬಂಧವಿರುವುದು ತಿಳಿದುಬಂದಿತು. ಆ ಭೇದವನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದವರ ತೂಕ, ಎರಡು ಕಡೆಯಿಂದಲೂ ಪಡೆಯದವರಿಗಿಂತ ಸರಾಸರಿ ೩ ಕಿಲೋಗ್ರಾಂ ಹೆಚ್ಚು. ಭೇದ ಎಫ್‌ಟಿಒ ಒಳಗಿದ್ದುದರಿಂದ ದೋಷವೂ ಎಫ್‌ಟಿಒದ್ದೇ ಎಂದು ಭಾವಿಸುವುದು ಸಹಜವಾಗಿದ್ದಿತು. ಆ ವಂಶವಾಹಿಯನ್ನು ತೆಗೆದ ಇಲಿಗಳು ಕೃಶವಾದವೆಂಬ ೨೦೦೯ರ ಪ್ರಯೋಗ ಆ ಭಾವನೆಯನ್ನು ಬಲಪಡಿಸಿತು. ಆದರೆ ೨೦೧೪ರಲ್ಲಿ, ಆ ಭಾಗವು ಸುಮಾರು ಐದು ಲಕ್ಷ ಅಕ್ಷರಗಳಾಚೆಯ ಐಆರ್‌ಎಕ್ಸ್೩ ಎಂಬ ಬೇರೆ ವಂಶವಾಹಿಯೊಡನೆ ಸಂಪರ್ಕದಲ್ಲಿದೆಯೆಂದು ತಿಳಿಯಿತು. ಐಆರ್‌ಎಕ್ಸ್೩ ಇಲ್ಲದ ಇಲಿಗಳ ತೂಕ ಶೇಕಡ ೨೫ರಿಂದ ೩೦ರಷ್ಟು ಕಡಿಮೆಯಾಗಿದ್ದಿತು. ಎಫ್‌ಟಿಒಗೆ ಯಾವ ಪಾತ್ರವೂ ಇಲ್ಲವೆಂದು ಇದರಿಂದ ಹೇಳಲಾಗದು. ಆದರೆ ಏಳು ವರ್ಷಗಳ ಕಾಲ ಬಹುಮಟ್ಟಿನ ವಿಚಾರಣೆ ಭೇದವಿದ್ದ ಮನೆಯಲ್ಲಿಯೇ ನಡೆದು, ದೂರದ ಮನೆಯ ಕಡೆಗೆ ಗಮನ ಹರಿಯಲಿಲ್ಲವೆಂಬುದು ಸ್ಪಷ್ಟ.

ಶಾಸನಗಳನ್ನು ಅಭ್ಯಾಸ ಮಾಡುವವರಿಗೆ ಈ ಬಗೆಯ ಪ್ರಮಾದ ಹೊಸದಲ್ಲ. ತಾಮ್ರಪಟವು ದೊರೆತ ಊರೇ ಅದರಲ್ಲಿ ಹೇಳಿದ ದತ್ತಿಯ ಊರಾಗಿರಬೇಕೆಂದಿಲ್ಲ. ದೊರೆತ ಸ್ಥಳ ಬೇರೆ, ಉದ್ದಿಷ್ಟ ಸ್ಥಳ ಬೇರೆ.

ಹಾಗಾದರೆ ಕಮಾನುರೇಖೆಯನ್ನು ಕಂಡೊಡನೆ ಒಪ್ಪಬಹುದೇ? ಇಲ್ಲಿಯೂ ಎಚ್ಚರ ಅವಶ್ಯಕ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಂಶೋಧಕರು ೨೦೧೭ರಲ್ಲಿ ಪ್ರಕಟಿಸಿದ ಜೀನ್‌ಹಾನ್ಸರ್ ಎಂಬ ಸಂಗ್ರಹವು ಸಾಂತಾಕ್ರೂಜ್ ಬ್ರೌಸರಿನಲ್ಲಿ ಒಂದು ಪಟ್ಟಿಯಾಗಿ ಸೇರಿದೆ. ವರ್ಧಕಕ್ಕೂ ವಂಶವಾಹಿಗೂ ಸಂಬಂಧ ಕಲ್ಪಿಸುವಾಗ ಅದು ಅನೇಕ ಬಗೆಯ ಸಾಕ್ಷ್ಯಗಳನ್ನು ಕೂಡಿಸುತ್ತದೆ: ಭೌತಿಕ ಸಂಪರ್ಕ, ಅಕ್ಷರಭೇದಕ್ಕನುಗುಣವಾಗಿ ವಂಶವಾಹಿಯ ಕಾರ್ಯದಲ್ಲಾಗುವ ಏರಿಳಿತ, ಎರಡರ ಏಕಕಾಲಿಕ ಚಟುವಟಿಕೆ, ಇವುಗಳ ಜೊತೆಗೆ ನಡುವಣ ದೂರ. ಅಂದಮೇಲೆ ಸಾಮೀಪ್ಯವೂ ಅಲ್ಲಿ ಒಂದು ಸಾಕ್ಷ್ಯವೇ. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯಗಳುಳ್ಳ ಸಂಬಂಧಗಳನ್ನು ಸಂಗ್ರಹಕಾರರು ಉತ್ತಮವರ್ಗದವೆಂದು ಬೇರೆ ಮಾಡಿದ್ದಾರೆ. ಆದರೆ ತೆರೆಯ ಮೇಲೆ ಎಲ್ಲ ಸಾಕ್ಷ್ಯಗಳೂ ಒಂದೇ ಬಗೆಯ ಕಮಾನಾಗಿ ಕಾಣುತ್ತವೆ. ಎರಡು ಭಾಗಗಳು ಕೂಡಿದುವೆಂಬುದು ಒಂದು ಮಾತು. ಒಂದು ಮತ್ತೊಂದನ್ನು ಆಳುತ್ತದೆಂಬುದು ಇನ್ನೊಂದು ಮಾತು. ಮೊದಲನೆಯದರಿಂದ ಎರಡನೆಯದು ತಾನಾಗಿ ಸಿದ್ಧಿಸುವುದಿಲ್ಲ. ಅದಕ್ಕೆ ಆ ಭಾಗವನ್ನು ಕತ್ತರಿಸಿಯೋ ತಿದ್ದಿಯೋ ನೋಡಬೇಕು.

ಹಾಗೆ ನೋಡಿದುದರ ಫಲವೂ ನಮ್ಮೆದುರಿಗಿದೆ. ಬಿಸಿಎಲ್೧೧ಎ ಎಂಬ ವಂಶವಾಹಿಯು ಭ್ರೂಣದ ಹಿಮೋಗ್ಲೋಬಿನ್ನಿನ ಉತ್ಪಾದನೆಯನ್ನು ಅಡಗಿಸುತ್ತದೆ. ಕೆಂಪು ರಕ್ತಕಣಗಳ ವಂಶದಲ್ಲಿ ಅದನ್ನು ಪ್ರಚೋದಿಸುವ ವರ್ಧಕವನ್ನು ೨೦೧೩ರಲ್ಲಿ ಗುರುತಿಸಿದರು. ಇದು ಆ ವಂಶವಾಹಿಯ ಒಳಗೇ ಇದ್ದಿತು. ರೋಗಿಯ ಕಾಂಡಕೋಶಗಳಲ್ಲಿ ಈ ವರ್ಧಕವನ್ನು ಕೆಡಿಸಿ, ಅಡಗಿದ್ದ ಹಿಮೋಗ್ಲೋಬಿನ್ನನ್ನು ಮರಳಿ ತರುವ ಚಿಕಿತ್ಸೆಗೆ ೨೦೨೩ರಲ್ಲಿ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಒಪ್ಪಿಗೆ ದೊರೆಯಿತು. ಕುಡುಗೋಲುಕಣದ ರಕ್ತರೋಗದಿಂದ ನರಳುವವರಿಗೆ ಇದು ಹೊಸ ಆಸರೆ. ಮೊದಲ ನಿದರ್ಶನದಲ್ಲಿ ಸಾಮೀಪ್ಯ ದಾರಿ ತಪ್ಪಿಸಿತು. ಇಲ್ಲಿ ಸಮೀಪದ್ದೇ ನಿಜವಾಯಿತು. ಯಾವುದು ನಿಜವೆಂಬುದನ್ನು ಎರಡು ಸಂದರ್ಭಗಳಲ್ಲಿಯೂ ತೀರ್ಮಾನಿಸಿದುದು ಪ್ರಯೋಗವೇ ಹೊರತು ಪಟವಲ್ಲ.

ಪಟವು ಎಲ್ಲಿ ಹುಡುಕಬೇಕೆಂಬುದನ್ನು ಹೇಳುತ್ತದೆ, ಹುಡುಕಿದ್ದಾಯಿತೆಂದು ಹೇಳುವುದಿಲ್ಲ. ಕಮಾನುರೇಖೆಯೊಂದನ್ನು ಕಂಡ ವಿದ್ಯಾರ್ಥಿಯು, ಶಾಸನವನ್ನು ಓದುವವನಂತೆ, ಇದು ಯಾವ ಕೋಶದಲ್ಲಿ, ಯಾವ ವಿಧಾನದಿಂದ, ಎಷ್ಟು ಸಾಕ್ಷ್ಯಗಳಿಂದ ಬಂದುದೆಂದು ಮೊದಲು ವಿಚಾರಿಸಲಿ. ಆಧಾರವನ್ನು ಪರೀಕ್ಷಿಸುವ ಈ ಅಭ್ಯಾಸ ಚರಿತ್ರೆಗೂ ಜೀವವಿಜ್ಞಾನಕ್ಕೂ ಸಮಾನವಾದುದು.