ಹೂದಾನಿಯ ತಳ ನೋಡಿ

ಮೊದಲ ಮಹಾಯುದ್ಧದ್ದು ಎಂದು ಯಾರಾದರೂ ಹಿತ್ತಾಳೆ ಹೂದಾನಿ ತೋರಿಸಿದರೆ, ಕೆತ್ತನೆಗೆ ಮರುಳಾಗುವ ಮೊದಲು ತಲೆಕೆಳಗು ಮಾಡಿ ನೋಡಿ. ಫ್ರಾನ್ಸಿನ 75 ಮಿಲಿಮೀಟರ್ ಫಿರಂಗಿಯ ಶೆಲ್ ಕವಚವಾದರೆ ತಳದಲ್ಲಿ ‘75’ ಅಂಕಿ, ಜೊತೆಗೆ ‘ಡಿ, ಇ, ಸಿ’ ಅಕ್ಷರಗಳು, ಕಾರ್ಖಾನೆಯ ಗುರುತು, ಇಸವಿ ಇರುತ್ತವೆ. ಆದರೆ ಅದು ಕವಚ ಹುಟ್ಟಿದ ಇಸವಿ, ಹೂದಾನಿ ಹುಟ್ಟಿದ್ದಲ್ಲ!

‘ಟ್ರೆಂಚ್ ಆರ್ಟ್’ ಎಂಬ ಹೆಸರೇ ಸ್ವಲ್ಪ ಮೋಸ. ಕಂದಕದಲ್ಲಿ ಕೂತು ಸುತ್ತಿಗೆ ಬಡಿದರೆ ಶತ್ರು ಸುಮ್ಮನಿರುತ್ತಾನೆಯೇ? ಇಂಥವನ್ನು ಹೆಚ್ಚಾಗಿ ಮಾಡಿದವರು ಮುಂಚೂಣಿಯಿಂದ ಹಿಂದೆ ಇದ್ದ ಸೈನಿಕರು, ಯುದ್ಧಕೈದಿಗಳು. 1918ರ ನಂತರ ಫ್ರಾನ್ಸಿನ ವೆರ್ಡನ್, ಬೆಲ್ಜಿಯಂನ ಈಪ್ರ್ ಕಡೆಯ ಊರವರೂ ಕವಚಗಳ ಮೇಲೆ ಊರ ಹೆಸರು ಕೊರೆದು, ಮಗನ ಗೋರಿ ನೋಡಲು ಬಂದ ತಂದೆತಾಯಿಗೆ ಮಾರಿದರು. ಮನೆಮಠ ಕಳೆದುಕೊಂಡವರಿಗೆ ಅದೂ ಒಂದು ಹೊಟ್ಟೆಪಾಡು.

ಬರೀ ಹೂಬಳ್ಳಿ ಇರುವುದಕ್ಕಿಂತ ಸೈನಿಕನ ಹೆಸರು, ದಳ, ತಾರೀಕು ಇರುವುದಕ್ಕೆ ಸಾಮಾನ್ಯವಾಗಿ ಬೆಲೆ ಹೆಚ್ಚು. ಅವನ ದಾಖಲೆ ಹುಡುಕಬಹುದಲ್ಲ. ಆದ್ದರಿಂದ ನಮ್ಮಜ್ಜಿ ಚೊಂಬು ತಿಕ್ಕಿದಂತೆ ಹುಣಸೆಹಣ್ಣು ಹಚ್ಚಿ ಫಳಫಳ ಮಾಡಬೇಡಿ. ಮೊಳೆಯಿಂದ ತೆಳುವಾಗಿ ಗೀರಿದ ಅಕ್ಷರಗಳು ವರ್ಷವರ್ಷದ ತಿಕ್ಕಾಟಕ್ಕೆ ಸವೆದು, ಕೆಲವು ಹೂದಾನಿಗಳಲ್ಲಿ ಆ ಹುಡುಗನ ಹೆಸರಿನ ಮೊದಲೆರಡು ಅಕ್ಷರ ಮಾತ್ರ ಉಳಿದಿರುತ್ತದೆ.